ಭಾನುವಾರದ ಗುಂಪು ಸೈಕಲ್ ಸವಾರಿ: ಕೊನೆಯ ಸೈಕಲ್ ಯಾರದು ನೋಡಿ ಸೇರಿ

ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನ ಒಂದು ಸೈಕಲ್ ಅಂಗಡಿಯವರು ಭಾನುವಾರ ಬೆಳಿಗ್ಗೆ ನಡೆಸುವ ರೈಡ್‌ಗೆ ನನ್ನ ಕಡೆಯಿಂದ ಐದಕ್ಕೆ ಮೂರೂವರೆ. ಅದರಲ್ಲಿ ಎರಡು ಅಂಕ ಗುಂಪಿನ ಕಟ್ಟಕಡೆಗೆ ಬರುವ ಒಬ್ಬ ಹಿರಿಯರಿಗೆ ಸಲ್ಲಬೇಕು. ಒಂದು ಅಂಕ ಬೆಳಗಿನ ರಸ್ತೆಗೆ ಮತ್ತು ಇಡ್ಲಿಗೆ. ಅಂಗಡಿಗೆ ಎಷ್ಟು ಉಳಿಯಿತು ಅಂತ ನೀವೇ ಲೆಕ್ಕ ಹಾಕಿಕೊಳ್ಳಿ. ಹೆಸರು ಬರೆಯುವುದಿಲ್ಲ. ಒಳ್ಳೆಯ ಹುಡುಗರು, ಅವರ ವ್ಯಾಪಾರ ಕೆಡಿಸಿ ನನಗೇನು ಆಗಬೇಕು? ಇಂಥ ಗುಂಪುಗಳು ಈಗ ಎಲ್ಲ ಊರಲ್ಲೂ ಇವೆ. ಸೇರುವ ಮೊದಲು ಏನೇನು ವಿಚಾರಿಸಬೇಕು ಅಂತ ನಿಮಗೆ ಗೊತ್ತಾದರೆ ಸಾಕು.

ನನಗೆ ಐವತ್ತು ಹತ್ತಿರ ಬಂತು. ಆಫೀಸಿನಲ್ಲಿ ಇಡೀ ದಿನ ಕುರ್ಚಿಯ ಮೇಲೆ ಕೂತೇ ಕೆಲಸ. ಚಿಕ್ಕವಳಿದ್ದಾಗ ಅಪ್ಪನ ಅಟ್ಲಾಸ್ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತವಳು. ಆಮೇಲೆ ಸ್ಕೂಟಿ ಬಂತು, ಸೈಕಲ್ ಹೋಯಿತು. 2017ರಲ್ಲಿ ಮೈಸೂರಿಗೆ ಟ್ರಿನ್ ಟ್ರಿನ್ ಅನ್ನುವ ಬಾಡಿಗೆ ಸೈಕಲ್ ಯೋಜನೆ ಬಂತಲ್ಲ, 450 ಸೈಕಲ್ ಇಟ್ಟುಕೊಂಡು ಶುರುವಾಗಿದ್ದು, ಅದರಲ್ಲಿ ಮತ್ತೆ ಸೀಟು ಹತ್ತಿದೆ. ಕಾಲು ಮರೆತಿರಲಿಲ್ಲ. ಹಾಗಾಗಿ ಇದು ರೇಸ್ ಓಡುವವರಿಗೆ ಬರೆದ ವಿಮರ್ಶೆ ಅಲ್ಲ. ಚೂಡಿದಾರ್ ಹಾಕಿಕೊಂಡು, ವೇಲನ್ನು ಬ್ಯಾಗಿಗೆ ತುರುಕಿ, ಮಾತಾಡಿಕೊಂಡು ಹೋಗಿ ತಿಂಡಿ ತಿಂದು ಬರಬೇಕು ಅನ್ನುವವರಿಗೆ.

ನಿಮ್ಮದೇ ಸೈಕಲ್ ಇದ್ದರೆ ರೈಡ್ ಉಚಿತ. ಇಲ್ಲದಿದ್ದರೆ ಹೆಲ್ಮೆಟ್ ಸೇರಿ 350 ರೂಪಾಯಿ ಬಾಡಿಗೆ. ಸೈಕಲ್ ಏನೋ ಚೆನ್ನಾಗಿವೆ, ಗೇರ್ ಸಲೀಸಾಗಿ ಬೀಳುತ್ತೆ, ಬ್ರೇಕ್ ಹಿಡಿಯುತ್ತೆ. ಆದರೆ ಸೀಟಿನ ಎತ್ತರ ಯಾರೂ ಕೇಳುವುದಿಲ್ಲ. ಹಿಂದಿನ ವಾರ ಆರಡಿ ಹುಡುಗ ಓಡಿಸಿದ ಸೈಕಲ್ಲನ್ನು ಹಾಗೇ ತಂದು ನನ್ನ ಕೈಗೆ ಕೊಡುತ್ತಾರೆ. ಸೀಟು ಜಾಸ್ತಿ ಮೇಲಿದ್ದರೆ ಪ್ರತಿ ತುಳಿತಕ್ಕೂ ಸೊಂಟ ಆ ಕಡೆ ಈ ಕಡೆ ಆಡುತ್ತೆ. ಜಾಸ್ತಿ ಕೆಳಗಿದ್ದರೆ ಸಂಜೆ ಮೆಟ್ಟಿಲು ಹತ್ತುವಾಗ ಮಂಡಿ ಹೇಳುತ್ತೆ. ಪೆಡಲ್ ಪೂರ್ತಿ ಕೆಳಗೆ ಬಂದಾಗ ಕಾಲು ನೆಟ್ಟಗಾಗಬಾರದು, ಮಂಡಿ ಸ್ವಲ್ಪ ಮಡಚಿರಬೇಕು, ಅಷ್ಟೇ ಲೆಕ್ಕ. ಸೀಟಿನ ಬೋಲ್ಟಿಗೆ ಅಲೆನ್ ಕೀ ಹಾಕಿ ತಿರುಗಿಸಲು ಎರಡು ನಿಮಿಷ ಸಾಕು. ಬೆಳಿಗ್ಗೆ ಆ ಗಲಾಟೆಯಲ್ಲಿ ಅವರಿಗೆ ಪುರುಸೊತ್ತಿಲ್ಲ. ಶನಿವಾರ ಸಂಜೆಯೇ ಅಂಗಡಿಗೆ ಹೋಗಿ ಕೂತು ನೋಡಿ, ಸರಿ ಮಾಡಿಸಿಕೊಳ್ಳಿ.

ಹೊರಡುವುದು ಬೆಳಿಗ್ಗೆ 5:45ಕ್ಕೆ ಅಂತ ಮೆಸೇಜ್ ಬರುತ್ತೆ. ಹೊರಡುವುದು ಆರೂಕಾಲಿಗೆ. ಒಬ್ಬರಿಗೆ ಹೆಲ್ಮೆಟ್ ಬೆಲ್ಟ್ ಸಿಕ್ಕಲ್ಲ, ಇನ್ನೊಬ್ಬರು 'ಆನ್ ದ ವೇ' ಅಂತ ಮನೆಯಲ್ಲಿ ಹಲ್ಲುಜ್ಜುತ್ತಿರುತ್ತಾರೆ, ಆಮೇಲೆ ಗ್ರೂಪ್ ಫೋಟೋ. ಫೋಟೋ ತೆಗೆಯುವಾಗ ಎಲ್ಲರೂ ಸೈಕಲ್ಲನ್ನು ತಲೆ ಮೇಲೆ ಎತ್ತಬೇಕಂತೆ. ನಾನು ಎತ್ತಲ್ಲ.

ನಾವು ಜಾಸ್ತಿ ಹೋಗುವುದು ಶ್ರೀರಂಗಪಟ್ಟಣ ದಾಟಿ ಕರಿಘಟ್ಟ ಬೆಟ್ಟಕ್ಕೆ. ಹೋಗಿ ಬರಲು ಹೆಚ್ಚುಕಡಿಮೆ 40 ಕಿಲೋಮೀಟರ್. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ವೇ ಮುಖ್ಯ ರಸ್ತೆಗೆ ಸೈಕಲ್ ಬಿಡುವುದಿಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೂ ಅಲ್ಲಿ ನಿಷೇಧ. ಉಳಿದದ್ದು ಸರ್ವಿಸ್ ರಸ್ತೆ. ಅಲ್ಲಿ ಎದುರಿನಿಂದ ರಾಂಗ್ ಸೈಡಲ್ಲಿ ಬೈಕು ಬರುತ್ತವೆ, ನಾವೇ ತಪ್ಪು ಮಾಡಿದ ಹಾಗೆ ಹಾರ್ನ್ ಬೇರೆ ಹೊಡೆಯುತ್ತಾರೆ. ಈ ವಿಷಯದಲ್ಲಿ ಅಂಗಡಿಯವರಿಗೆ ಪೂರ್ತಿ ಅಂಕ ಕೊಡಬೇಕು. ಸಾಧ್ಯವಾದಷ್ಟೂ ನಾಗನಹಳ್ಳಿ ಕಡೆಯ ಒಳದಾರಿ ಹಿಡಿಸುತ್ತಾರೆ. ಒಂದು ಕಡೆ ಕಬ್ಬು, ಇನ್ನೊಂದು ಕಡೆ ಗದ್ದೆ, ಆಗಾಗ ಪಕ್ಕದ ಹಳಿ ಮೇಲೆ ರೈಲು. ಚಳಿಗಾಲದಲ್ಲಿ ಗದ್ದೆ ಬಯಲಿನ ಇಬ್ಬನಿಗೆ ಕನ್ನಡಕ ಮಂಜಾಗಿ ಕಣ್ಣೇ ಕಾಣಲ್ಲ. ಆದರೂ ಮುಖಕ್ಕೆ ಆ ತಣ್ಣನೆ ಗಾಳಿ ಬಡಿಯುವ ಖುಷಿ ಕಾರಿನಲ್ಲಿ ಹೋದರೆ ಸಿಗಲ್ಲ.

ಮುಂದೆ ಹೋಗುವವರು ರಸ್ತೆಯಲ್ಲಿ ಹಳ್ಳ ಕಂಡರೆ 'ಗುಂಡಿ' ಅಂತ ಕೂಗಬೇಕು, ಹಿಂದಿನವರು ಅದನ್ನೇ ಮತ್ತೆ ಕೂಗಿ ಹಿಂದಕ್ಕೆ ದಾಟಿಸಬೇಕು. ಪದ್ಧತಿ ಚೆನ್ನಾಗಿದೆ. ಆದರೆ ಹದಿನೈದಿಪ್ಪತ್ತು ಜನರ ಸಾಲಿನಲ್ಲಿ ನಡುವೆ ಇಬ್ಬರು ಸೈಟಿನ ರೇಟು ಮಾತಾಡುತ್ತಿರುತ್ತಾರೆ. ಕೂಗು ಅಲ್ಲಿಗೇ ನಿಲ್ಲುತ್ತೆ. ನನಗೆ 'ಗುಂಡಿ' ಅಂತ ಕೇಳಿಸುವ ಹೊತ್ತಿಗೆ ನಾನು ಅದರೊಳಗೆ ಇಳಿದು ಎದ್ದಿರುತ್ತೇನೆ.

ಇನ್ನು ನನ್ನ ದೊಡ್ಡ ತಕರಾರಿಗೆ ಬರುತ್ತೇನೆ. ಇದು ನೋ ಡ್ರಾಪ್ ರೈಡ್, ಯಾರನ್ನೂ ಹಿಂದೆ ಬಿಟ್ಟು ಹೋಗಲ್ಲ, ವೇಗ ಗಂಟೆಗೆ 15ರಿಂದ 18 ಕಿಲೋಮೀಟರ್ ಅಂತ ಬರೆದಿರುತ್ತಾರೆ. ಮೊದಲ ಐದು ಕಿಲೋಮೀಟರ್ ಅದು ನಿಜ. ಆಮೇಲೆ ಮುಂದಿನ ಸಾಲಿನಲ್ಲಿ ಯಾರೋ ಒಬ್ಬ ಹುಡುಗ ಇನ್ನೊಬ್ಬನನ್ನು ಓವರ್‌ಟೇಕ್ ಮಾಡುತ್ತಾನೆ. ಅಷ್ಟೇ, ಮುಂದಿನ ಆರೇಳು ಜನ ಕಾಣೆ. ಸರಿ, ಅವರು ನಾಲೆ ಸೇತುವೆ ಹತ್ತಿರ ನಿಂತು ಕಾಯುತ್ತಾರೆ. ಕಾಯುವುದು ನಿಜ, ಅದನ್ನು ಅಲ್ಲಗಳೆಯಲ್ಲ. ಆದರೆ ಕಾಯುವ ಹೊತ್ತಿನಲ್ಲಿ ಅವರು ನೀರು ಕುಡಿದಿರುತ್ತಾರೆ, ಬಾಳೆಹಣ್ಣು ತಿಂದಿರುತ್ತಾರೆ, ಕಾಲು ಚಾಚಿ ಕೂತಿರುತ್ತಾರೆ. ನಾವು ಏದುಸಿರು ಬಿಡುತ್ತಾ ಬಂದು ಒಂದು ಕಾಲು ನೆಲಕ್ಕೆ ಊರಿದ ತಕ್ಷಣ, 'ಎಲ್ಲರೂ ಬಂದ್ರಾ? ಓಕೆ, ಹೊರಡೋಣ!' ಅಂತಾರೆ. ಗಟ್ಟಿಯಾಗಿ ಇರುವವರಿಗೆ ಹತ್ತು ನಿಮಿಷ ವಿಶ್ರಾಂತಿ, ಸುಸ್ತಾದವರಿಗೆ ಸೊನ್ನೆ. ಒಂದು ಸಲ ನಾನು ರೋಡಿನ ಮಧ್ಯೆ ಸೈಕಲ್ ಅಡ್ಡ ಇಟ್ಟು, 'ಅಪ್ಪಾ, ಈಗ ನಮ್ಮ ಬಾಳೆಹಣ್ಣಿನ ಸಮಯ' ಅಂದೆ. ನಕ್ಕರು. ಅವತ್ತು ಕಾದರು. ಮುಂದಿನ ವಾರ ಮತ್ತೆ ಅದೇ ಕಥೆ.

ಮೊದಲೇ ಎರಡು ಅಂಕ ಕೊಟ್ಟೆನಲ್ಲ, ಆ ಹಿರಿಯರ ವಿಷಯ ಹೇಳುತ್ತೇನೆ. ರೈಲ್ವೆ ವರ್ಕ್‌ಶಾಪಿನಿಂದ ರಿಟೈರ್ ಆದವರು. ಎಲ್ಲರೂ ಅಂಕಲ್ ಅಂತಲೇ ಕರೆಯುತ್ತಾರೆ. ತುಂಬುತೋಳಿನ ಶರ್ಟು, ಕ್ಯಾನ್ವಾಸ್ ಶೂ, ಪ್ಯಾಂಟಿನ ಬಲಗಾಲಿಗೆ ರಬ್ಬರ್ ಬ್ಯಾಂಡು. ಸೈಕಲ್ಲಿಗೆ ಹಳೇ ಕಾಲದ ಕ್ಯಾರಿಯರ್, ಅದಕ್ಕೆ ಕಟ್ಟಿದ ಚೀಲ. ಎಲ್ಲರಿಗಿಂತ ಹಿಂದೆ ಬರುವುದು ಅವರ ಕೆಲಸ, ಯಾರೂ ವಹಿಸಿದ್ದಲ್ಲ, ಅವರೇ ವಹಿಸಿಕೊಂಡದ್ದು. ನಾನು ಏರಿನಲ್ಲಿ ಉಸಿರು ಕಟ್ಟಿ ನಿಂತರೆ ಅವರೂ ನಿಲ್ಲುತ್ತಾರೆ. 'ನಿಧಾನ ಬನ್ನಿಮ್ಮಾ, ಬೆಟ್ಟ ಎಲ್ಲಿಗೂ ಓಡಿಹೋಗಲ್ಲ' ಅಂತಾರೆ. ಅದಕ್ಕಿಂತ ಹೆಚ್ಚು ಉಪದೇಶ ಇಲ್ಲ.

ಒಂದು ಪಂಕ್ಚರ್ ಕಥೆ ಹೇಳಲೇಬೇಕು. ಸಾಫ್ಟ್‌ವೇರ್ ಹುಡುಗ, ನನ್ನ ಸ್ಕೂಟಿಗಿಂತ ದುಬಾರಿ ಸೈಕಲ್, ದಾರಿಯಲ್ಲಿ ಹಿಂದಿನ ಟೈರು ಠುಸ್. ನಾಲ್ಕು ಜನ ಗಂಡಸರು ಸುತ್ತ ನಿಂತು ಸಲಹೆ ಶುರು ಮಾಡಿದರು. ಹೊಸ ಟ್ಯೂಬ್ ಹಾಕಿದರು, ಗಾಳಿ ಹೊಡೆದರು, ಇನ್ನೂರು ಮೀಟರ್ ಹೋಗುವುದರೊಳಗೆ ಮತ್ತೆ ಠುಸ್. ಅಷ್ಟರಲ್ಲಿ ಅಂಕಲ್ ಬಂದರು. ಟೈರ್ ಬಿಚ್ಚಿಸಿ, ಒಳಮೈ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಸುತ್ತಲೂ ಆಡಿಸಿದರು. ಒಂದು ಕಡೆ ನಿಲ್ಲಿಸಿ, ಇಕ್ಕಳದಲ್ಲಿ ಹಿಡಿದು ಎಳೆದರು. ಜಾಲಿ ಮುಳ್ಳಿನ ತುದಿ, ಒಂದು ಸಾಸಿವೆಯಷ್ಟು. ಅದು ಟೈರಲ್ಲೇ ಉಳಿದಿದ್ದರೆ ಎಷ್ಟು ಟ್ಯೂಬ್ ಹಾಕಿದರೂ ತೂತೇ. ಆಮೇಲೆ ಟ್ಯೂಬಿಗೆ ಅರ್ಧ ಗಾಳಿ ತುಂಬಿ ನಾಲೆ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬಂದ ಕಡೆ ಬೆರಳಿಟ್ಟು, ಒರೆಸಿ, ಉಜ್ಜಿ, ಪ್ಯಾಚ್ ಹಚ್ಚಿದರು. ಸೊಲ್ಯೂಷನ್ ಹಚ್ಚಿದ ಕೂಡಲೇ ಅಂಟಿಸಬಾರದಂತೆ, ಸ್ವಲ್ಪ ಒಣಗಬೇಕು. ಆ ಹುಡುಗ ಗಡಿಯಾರ ನೋಡಿದ. ಅಂಕಲ್ ನೋಡಲಿಲ್ಲ.

ಗಾಳಿ ಹೊಡೆಯುವಾಗ ಇನ್ನೊಂದು ಪಜೀತಿ. ನಮ್ಮ ಗುಂಪಿನಲ್ಲಿ ಮೂರು ಥರದ ವಾಲ್ವ್ ಇವೆ. ಹಳೇ ಸೈಕಲ್ಲಿನ ವಾಲ್‌ಟ್ಯೂಬ್ ಇರುವಂಥದ್ದು, ಹಳ್ಳಿಯ ಪಂಕ್ಚರ್ ಅಂಗಡಿ ಪಂಪಿಗೆ ಸರಿಹೋಗುತ್ತೆ. ಸ್ಕೂಟರಿನಂಥ ದಪ್ಪ ವಾಲ್ವ್, ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುತ್ತೆ. ಮೂರನೆಯದು ಪ್ರೆಸ್ಟಾ, ದುಬಾರಿ ಸೈಕಲ್ಲುಗಳದ್ದು, ಪೆನ್ಸಿಲ್ ಕಡ್ಡಿಯ ಹಾಗೆ ಸಣ್ಣಗೆ. ತುದಿಯ ಪುಟ್ಟ ನಟ್ಟನ್ನು ಸಡಿಲಿಸದೆ ಅದಕ್ಕೆ ಗಾಳಿ ಹೋಗಲ್ಲ, ಬಂಕಿನ ಪೈಪು ಅದಕ್ಕೆ ಕೂರುವುದೂ ಇಲ್ಲ. ಹಿತ್ತಾಳೆಯ ಚಿಕ್ಕ ಅಡಾಪ್ಟರ್ ಸಿಗುತ್ತೆ, ಅದನ್ನು ಕೊಂಡು ಕೀ ಬಂಚಿಗೆ ಹಾಕಿಕೊಳ್ಳಿ. ಇಷ್ಟು ಸೈಕಲ್ ಮಾರುವ ಅಂಗಡಿಯವರು ರೈಡಿಗೆ ಒಂದು ಒಳ್ಳೆಯ ಪಂಪ್ ತರುವುದಿಲ್ಲ ಅನ್ನುವುದು ಮಾತ್ರ ನನಗೆ ಇನ್ನೂ ಅರ್ಥ ಆಗಿಲ್ಲ. ಚೀಲದಲ್ಲಿ ಎನರ್ಜಿ ಜೆಲ್ ಇರುತ್ತೆ, ಪಂಪ್ ಇರಲ್ಲ.

ಸಂಕ್ರಾಂತಿ ಆಸುಪಾಸಿನಲ್ಲಿ ಹೋದರೆ ರಸ್ತೆ ತುಂಬಾ ಹುರುಳಿ ಒಕ್ಕಣೆ. ವಾಹನ ಓಡಿ ಕಾಯಿ ಒಡೆಯಲಿ ಅಂತ ಸೊಪ್ಪನ್ನು ರಸ್ತೆಗೇ ಹಾಸಿರುತ್ತಾರೆ. ಹಾಸಬಾರದು ಅಂತ ಪೊಲೀಸರು ಪ್ರತಿ ವರ್ಷ ಹೇಳುತ್ತಾರೆ, ಪ್ರತಿ ವರ್ಷ ಹಾಸುತ್ತಾರೆ. ಸೈಕಲ್ಲಿಗೆ ಅದು ದೊಡ್ಡ ಶತ್ರು. ಹುರುಳಿ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡು, ಚೈನ್ ಜೊತೆ ಒಳಗೆ ಹೋಗಿ, ಚಕ್ರ ಗಪ್ ಅಂತ ನಿಂತೇಬಿಡುತ್ತೆ. ನಮ್ಮವರು ಸಾಲಾಗಿ ಮೂರು ಜನ ಹಾಗೆ ಸಿಕ್ಕಿಹಾಕಿಕೊಂಡರು. ಒಬ್ಬನು ಪಕ್ಕಕ್ಕೆ ಬಿದ್ದ, ಹುರುಳಿ ಸೊಪ್ಪಿನ ಮೇಲೇ ಬಿದ್ದಿದ್ದರಿಂದ ಏನೂ ಆಗಲಿಲ್ಲ. ಪಕ್ಕದ ಜಗಲಿಯಲ್ಲಿ ಕೂತಿದ್ದ ಅಜ್ಜಿ ಎದ್ದು ಬಂದು, 'ನಿಮ್ ಸೈಕಲ್ಲಿಂದ ಒಂದ್ ಕಾಯೂ ಒಡೆಯಾಕಿಲ್ಲ, ಅತ್ಲಾಗಿ ನಡೀರಪ್ಪ, ಲಾರಿ ಬರ್ಲಿ' ಅಂದರು. ಚೈನಿಗೆ ಸುತ್ತಿದ ಬಳ್ಳಿ ಬಿಡಿಸಲು ಕುಡುಗೋಲು ಕೊಟ್ಟವರೂ ಅವರೇ. ಕಾಫಿ ಕುಡೀರಿ ಅಂತಲೂ ಕರೆದರು. ಮುಂದೆ ಹೋದವರಿಗೆ ಕಾಫಿ ತಪ್ಪಿತು.

ಕರಿಘಟ್ಟದ ಏರಿನ ಬಗ್ಗೆ ಜಾಸ್ತಿ ಹೇಳಲ್ಲ. ಹತ್ತುವವರು ಹತ್ತುತ್ತಾರೆ, ನಾನು ಇಳಿದು ತಳ್ಳುತ್ತೇನೆ. ಮೇಲೆ ಶ್ರೀನಿವಾಸನ ದರ್ಶನ, ಕೆಳಗೆ ನೋಡಿದರೆ ಕಾವೇರಿ, ಅದನ್ನು ಬಂದು ಸೇರುವ ಲೋಕಪಾವನಿ. ಇಳಿಯುವಾಗ ಮಾತ್ರ ಎಚ್ಚರ. ತಿರುವಿನಲ್ಲಿ ಜಲ್ಲಿಪುಡಿ ಇರುತ್ತೆ. ಬ್ರೇಕನ್ನು ತಿರುವಿಗೆ ಮೊದಲೇ ಹಿಡಿಯಬೇಕು, ತಿರುವಿನ ಮಧ್ಯದಲ್ಲಿ ಅಲ್ಲ. ಇದನ್ನು ಹೊಸಬರಿಗೆ ಮೇಲೆಯೇ ನಿಲ್ಲಿಸಿ ಹೇಳಿಕೊಡುತ್ತಾರೆ, ಅದು ಮೆಚ್ಚುವ ವಿಷಯ.

ತಿಂಡಿ ಶ್ರೀರಂಗಪಟ್ಟಣದ ಒಂದು ಚಿಕ್ಕ ಹೋಟೆಲಿನಲ್ಲಿ. ಇಡ್ಲಿ ಮೆತ್ತಗೆ, ಚಟ್ನಿ ಖಾರ, ಕೇಳಿದಷ್ಟು ಸಾಂಬಾರ್. ಅಷ್ಟು ದೂರ ತುಳಿದು ಬಂದವರಿಗೆ ಇದಕ್ಕಿಂತ ಏನು ಬೇಕು? ಆದರೆ ಬಿಲ್ಲನ್ನು ಎಲ್ಲರಿಗೂ ಸಮ ಹಂಚುತ್ತಾರೆ. ಎರಡು ಇಡ್ಲಿ ತಿಂದ ನಾನು, ಎರಡು ಮಸಾಲೆ ದೋಸೆ, ಪೂರಿ, ಮೇಲೆ ಕೇಸರಿಬಾತ್ ತಿಂದ ಹುಡುಗ, ಇಬ್ಬರಿಗೂ ಒಂದೇ ಮೊತ್ತ. ಒಂದು ಆ್ಯಪ್‌ನಲ್ಲಿ ಹಾಕಿ ಮನೆಗೆ ಬರುವಷ್ಟರಲ್ಲಿ ರಿಮೈಂಡರ್ ಕಳಿಸುತ್ತಾರೆ. ಹುಡುಗರ ವಯಸ್ಸು, ತಿನ್ನಲಿ ಬಿಡಿ ಅಂತ ಕೊಟ್ಟುಬಿಡುತ್ತೇನೆ.

ಹೆಂಗಸರಿಗೆ ಒಂದು ಮಾತು, ಯಾರೂ ಹೇಳಲ್ಲ ಅಂತ ನಾನೇ ಹೇಳುತ್ತೇನೆ. ಹೊರಟಲ್ಲಿಂದ ಈ ಹೋಟೆಲಿನ ತನಕ ದಾರಿಯಲ್ಲಿ ಟಾಯ್ಲೆಟ್ ನಿಲುಗಡೆ ಇಲ್ಲ. ಗಂಡಸರಿಗೆ ಕಬ್ಬಿನ ಗದ್ದೆ ಇದೆ. ನಾವು ನೀರು ಕುಡಿಯದೆ ತುಳಿಯುತ್ತೇವೆ, ತಲೆ ಸುತ್ತಿದರೆ ವಯಸ್ಸಾಯ್ತು ಅನ್ನುತ್ತಾರೆ. ದಾರಿಯಲ್ಲಿ ಪೆಟ್ರೋಲ್ ಬಂಕ್ ಇವೆ, ಒಂದು ಕಡೆ ಐದು ನಿಮಿಷ ನಿಲ್ಲಿಸಿ ಅಂತ ಆಯೋಜಕರಿಗೆ ಕೇಳಿದೆ. 'ಖಂಡಿತ ಮೇಡಂ' ಅಂದರು. ಇನ್ನೂ ಆಗಿಲ್ಲ. ಗುಂಪಿನಲ್ಲಿ ಹೆಂಗಸರು ಯಾಕೆ ನಾಲ್ಕೇ ಜನ ಅಂತ ಅವರೇ ಆಶ್ಚರ್ಯ ಪಡುತ್ತಾರೆ!

ವಾಟ್ಸಾಪ್ ಗ್ರೂಪ್ ಬಗ್ಗೆ ಸುಮ್ನೆ ಒಂದು ಸಾಲು: ಸೇರಿ, ಕೂಡಲೇ ಮ್ಯೂಟ್ ಮಾಡಿ, ಶನಿವಾರ ರಾತ್ರಿ ತೆಗೆದು ನೋಡಿ.

ಅಂಕಲ್ ಮೊಮ್ಮಗಳನ್ನು ನೋಡಲು ಹುಬ್ಬಳ್ಳಿಗೆ ಹೋಗಿದ್ದಾಗ ಹಿಂದೆ ಯಾರೂ ಇರಲಿಲ್ಲ. ಅವತ್ತು ಹೊಸದಾಗಿ ಬಂದಿದ್ದ ಹುಡುಗಿ ಗಂಜಾಂ ಹತ್ತಿರ ದಾರಿ ತಪ್ಪಿ, ನಿಮಿಷಾಂಬ ದೇವಸ್ಥಾನದ ಭಾನುವಾರದ ಜನಜಂಗುಳಿಯಲ್ಲಿ ಸೈಕಲ್ ತಳ್ಳಿಕೊಂಡು ನಿಂತಿದ್ದಳು. ಅವಳು ಬಂದಿಲ್ಲ ಅಂತ ಗೊತ್ತಾದದ್ದು ಬಿಲ್ ಹಂಚುವಾಗ. ಅದಕ್ಕೇ ಸೇರುವ ಮೊದಲು ಸೈಕಲ್ ಯಾವ ಕಂಪನಿಯದು, ಜೆರ್ಸಿ ಕೊಡುತ್ತಾರಾ ಅಂತ ಕೇಳುವುದಕ್ಕಿಂತ, ಕೊನೆಗೆ ಬರುವವರು ಯಾರು, ಅವರು ಬರದಿದ್ದರೆ ಯಾರು ಅಂತ ಕೇಳಿ. ಫೋನ್ ನಂಬರೂ ಇಸ್ಕೊಳ್ಳಿ.

ಇಷ್ಟಾದ ಮೇಲೆ ಅಂಗಡಿಯವರು ಅಂಕಲ್‌ಗೆ ಗೌರವ ಸೂಚಿಸಿದ್ದು ಹೇಗೆ ಗೊತ್ತಾ? ಜೆರ್ಸಿ ಮೇಲೆ ಹತ್ತು ಪರ್ಸೆಂಟ್ ರಿಯಾಯಿತಿ. ಅವರು ಜೆರ್ಸಿ ಹಾಕುವವರೇ ಅಲ್ಲ. ಸಂಬಳ ಕೊಟ್ಟು ಇನ್ನೊಬ್ಬರನ್ನು ಹಿಂದೆ ಇಡಲಿ, ಇನ್ನರ್ಧ ಅಂಕ ಸೇರಿಸುತ್ತೇನೆ. ಬಂಕಿನ ಹತ್ತಿರ ಐದು ನಿಮಿಷ ನಿಲ್ಲಿಸಲಿ, ಮತ್ತರ್ಧ. ಉಳಿದರ್ಧ ಸೀಟು ಸರಿ ಮಾಡಿಕೊಟ್ಟ ದಿನ.