ಲ್ಯಾಬ್‌ವ್ಯೂ ಕಲಿಯಲು ಯಾವ ಪುಸ್ತಕ? ನಾಲ್ಕನ್ನೂ ಒಂದೇ ಕೆಲಸಕ್ಕೆ ಹಚ್ಚಿ ನೋಡಿದೆ

ಲ್ಯಾಬ್‌ವ್ಯೂ ಅಂದರೆ ಸಾಲು ಸಾಲು ಕೋಡ್ ಬರೆಯುವ ಬದಲು ಚಿತ್ರ ಜೋಡಿಸಿ ಪ್ರೋಗ್ರಾಂ ಮಾಡುವ, ಅಳತೆ-ಪರೀಕ್ಷೆಯ ಕೆಲಸಕ್ಕೆ ಬಳಸುವ ಸಾಫ್ಟ್‌ವೇರ್. ಅದರ ಪುಸ್ತಕ ಕೊಳ್ಳಲು ಹೊರಟವರು ಮೊದಲು ಕೇಳುವುದು "ಇದು ಯಾವ ವರ್ಷನ್‌ಗೆ?" ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. 1986ರಲ್ಲಿ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ (ಎನ್‌ಐ) ಕಂಪನಿ ಇದನ್ನು ಮ್ಯಾಕಿಂಟಾಷ್‌ಗೆ ಬಿಟ್ಟಾಗಿನಿಂದ ತಿರುಳು ಹೆಚ್ಚುಕಡಿಮೆ ಅದೇ. ಒಂದು ಕಡೆ ಬಟನ್, ಚಾರ್ಟ್ ಇರುವ ಫ್ರಂಟ್ ಪ್ಯಾನೆಲ್, ಇನ್ನೊಂದು ಕಡೆ ಪ್ರೋಗ್ರಾಂ ಇರುವ ಬ್ಲಾಕ್ ಡಯಾಗ್ರಾಂ, ಅದರೊಳಗೆ ನೋಡ್‌ಗಳನ್ನು (ಕೆಲಸ ಮಾಡುವ ಘಟಕಗಳನ್ನು) ಜೋಡಿಸುವ ವೈರ್‌ಗಳು. ಒಂದು ನೋಡ್‌ಗೆ ಬರಬೇಕಾದ ಡೇಟಾ ಎಲ್ಲಾ ಬಂದು ಸೇರಿದ ಮೇಲಷ್ಟೇ ಅದು ಓಡುತ್ತದೆ. ಸಿ ಪ್ರೋಗ್ರಾಮಿಂಗ್ ಭಾಷೆ ಕಲಿತು ಬಂದವರ ಕಣ್ಣು ಮಾತ್ರ ಡಯಾಗ್ರಾಂನಲ್ಲೂ ಸಾಲು ಸಾಲಾಗಿ ಓಡುವ ಕೋಡನ್ನೇ ಹುಡುಕುತ್ತದೆ. ಆ ಅಭ್ಯಾಸವನ್ನು ಯಾವ ಪುಸ್ತಕ ಬೇಗ ಬಿಡಿಸುತ್ತದೆ? ಮೊದಲು ಕೇಳಬೇಕಾದ್ದು ಅದು.

ನಾಲ್ಕು ಪುಸ್ತಕಗಳನ್ನು ಹಿಡಿದು ಒಂದೇ ಕೆಲಸ ಮಾಡಿ ನೋಡಿದೆ. ತಾಪಮಾನ ಅಳೆಯುವ ಎಲ್‌ಎಂ35 ಸೆನ್ಸರ್, ಅದರ ವೋಲ್ಟೇಜನ್ನು ಕಂಪ್ಯೂಟರಿಗೆ ತಲುಪಿಸುವ ಯುಎಸ್‌ಬಿ-6008 ಡ್ಯಾಕ್ ಬಾಕ್ಸ್. ಸೆನ್ಸರ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 10 ಮಿಲಿವೋಲ್ಟ್ ಕೊಡುತ್ತದೆ. ಅದನ್ನು ಓದಬೇಕು, ಚಾರ್ಟ್‌ನಲ್ಲಿ ತೋರಿಸಬೇಕು, ಫೈಲ್‌ಗೆ ಬರೆಯಬೇಕು, ಸ್ಟಾಪ್ ಒತ್ತಿದ ಕೂಡಲೇ ನಿಲ್ಲಬೇಕು. ಸಣ್ಣ ಕೆಲಸವೇ. ಆದರೆ ಟೆಸ್ಟಿಂಗ್ ವಿಭಾಗದಲ್ಲಿ ಇರುವವರಿಗೆ ಬೇರೆ ಬೇರೆ ವೇಷದಲ್ಲಿ ದಿನಾ ಎದುರಾಗುವ ಕೆಲಸ.

ಬೇಗ ದಡ ಮುಟ್ಟಿಸಿದ್ದು ಜಾನ್ ಎಸಿಕ್ ಅವರ 'ಹ್ಯಾಂಡ್ಸ್-ಆನ್ ಇಂಟ್ರಡಕ್ಷನ್ ಟು ಲ್ಯಾಬ್‌ವ್ಯೂ ಫಾರ್ ಸೈಂಟಿಸ್ಟ್ಸ್ ಅಂಡ್ ಎಂಜಿನಿಯರ್ಸ್'. ಎಸಿಕ್ ಅಮೆರಿಕದ ರೀಡ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು. ಅದು ಪುಸ್ತಕದ ತುಂಬಾ ಕಾಣುತ್ತದೆ. ಪೀಠಿಕೆ ಜಾಸ್ತಿ ಇಲ್ಲ. ಶುರುವಿನಲ್ಲೇ ವೈಲ್ ಲೂಪ್ (ನಿಲ್ಲಿಸುವ ತನಕ ಮತ್ತೆ ಮತ್ತೆ ಓಡುವ ಭಾಗ) ಹಾಕಿಸಿ, ಚಾರ್ಟ್ ಮೇಲೆ ಸೈನ್ ಅಲೆ ಓಡಿಸುತ್ತಾರೆ. ಸ್ಟಾಪ್ ಬಟನ್ನನ್ನು ಲೂಪಿನ ಹೊರಗೆ ಇಟ್ಟರೆ ಏನಾಗುತ್ತದೆ ಗೊತ್ತಲ್ವಾ? ಲೂಪ್ ಶುರುವಾಗುವ ಮುಂಚೆ ಅದರ ಬೆಲೆಯನ್ನು ಒಮ್ಮೆ ಮಾತ್ರ ಓದಲಾಗುತ್ತದೆ. ಆಮೇಲೆ ಎಷ್ಟು ಒತ್ತಿದರೂ ಪ್ರೋಗ್ರಾಂ ಕ್ಯಾರೇ ಅನ್ನುವುದಿಲ್ಲ. ಲೂಪನ್ನು ಕೈಯಾರೆ ಕಟ್ಟಿ, ಓಡಿಸಿ, ನೋಡುತ್ತಾ ಹೋದರೆ ಇಂಥದ್ದು ಬೇಗ ತಲೆಗೆ ಹೋಗುತ್ತದೆ. ಓದಿ ಅರ್ಥ ಮಾಡಿಕೊಳ್ಳುವುದು ಕಷ್ಟ. ಮುಂದೆ ಕರ್ವ್ ಫಿಟ್ಟಿಂಗ್ (ಅಳತೆಗಳಿಗೆ ಹೊಂದುವ ಗೆರೆ ಹುಡುಕುವುದು), ಎಫ್‌ಎಫ್‌ಟಿ (ಅಲೆಯಲ್ಲಿರುವ ಆವರ್ತನಗಳನ್ನು ಬಿಡಿಸುವ ಲೆಕ್ಕ), ಉಪಕರಣಗಳನ್ನು ಕಂಪ್ಯೂಟರಿನಿಂದ ನಡೆಸುವುದು ಎಲ್ಲಾ ಬರುತ್ತವೆ. ಕೊರತೆ ಇರುವುದು ಇನ್ನೊಂದು ಕಡೆ. ಪ್ರೋಗ್ರಾಂ ದೊಡ್ಡದಾದಾಗ ಅದನ್ನು ಹೇಗೆ ಜೋಡಿಸಬೇಕು ಅನ್ನುವುದಕ್ಕೆ ಇಲ್ಲಿ ಸಿಗುವ ಜಾಗ ಕಡಿಮೆ.

ಆ ಕೊರತೆ ತುಂಬುವುದು ಜೆಫ್ರಿ ಟ್ರಾವಿಸ್ ಮತ್ತು ಜಿಮ್ ಕ್ರಿಂಗ್ ಅವರ 'ಲ್ಯಾಬ್‌ವ್ಯೂ ಫಾರ್ ಎವ್ರಿವನ್'. ಮೂರನೇ ಆವೃತ್ತಿ 2006ರದ್ದು, ಲ್ಯಾಬ್‌ವ್ಯೂ 8ರ ಕಾಲದ್ದು, ಸುಮಾರು ಸಾವಿರ ಪುಟ. ಹೆಸರು 'ಎಲ್ಲರಿಗೂ' ಅನ್ನುತ್ತದೆ, ಆದರೆ ಆ ತೂಕ ನೋಡಿದರೆ ಯಾರಿಗೂ ಕೈ ಹಾಕಲು ಧೈರ್ಯ ಬರಲಿಕ್ಕಿಲ್ಲ! ಮೊದಲ ಪುಟದಿಂದ ಓದುತ್ತಾ ಹೋದರೆ ಸೆನ್ಸರ್ ತನಕ ಬರುವಷ್ಟರಲ್ಲಿ ಸಾಕಾಗುತ್ತದೆ. ಆದರೆ ಪ್ರೋಗ್ರಾಂ ದೊಡ್ಡದಾದಾಗ ಇದರ ಬೆಲೆ ಗೊತ್ತಾಗುತ್ತದೆ. ಒಂದು ಉದಾಹರಣೆ ತೆಗೆದುಕೊಳ್ಳಿ. ಫೈಲ್‌ಗೆ ಬರೆಯುವುದು ತಡವಾದರೆ ಅದೇ ಲೂಪಿನಲ್ಲಿರುವ ಓದುವ ಕೆಲಸವೂ ಕಾಯಬೇಕು. ಆಗ ಎರಡು ಲೂಪ್ ಮಾಡಿ ನಡುವೆ ಕ್ಯೂ (ಡೇಟಾ ಕಾಯುವ ಸಾಲು) ಇಡುತ್ತಾರೆ. ಒಂದು ಲೂಪ್ ಡೇಟಾ ತುಂಬುತ್ತದೆ, ಇನ್ನೊಂದು ತನ್ನ ವೇಗದಲ್ಲಿ ತೆಗೆದು ಬರೆಯುತ್ತದೆ. ಕ್ಯೂ, ಈವೆಂಟ್ ಸ್ಟ್ರಕ್ಚರ್ (ಬಟನ್ ಒತ್ತಿದಂಥ ಘಟನೆಗೆ ಓಡುವ ಭಾಗ), ಸ್ಟೇಟ್ ಮಷೀನ್ (ಹಂತದಿಂದ ಹಂತಕ್ಕೆ ಸಾಗುವ ವಿನ್ಯಾಸ), ಲೋಕಲ್ ವೇರಿಯಬಲ್‌ಗಳಿಂದ ಬರುವ ರೇಸ್ ಕಂಡಿಷನ್ (ಯಾವುದು ಮೊದಲು ಓಡಿತು ಅನ್ನುವುದರ ಮೇಲೆ ಉತ್ತರ ಬದಲಾಗುವ ತೊಂದರೆ) ಇವೆಲ್ಲಾ ಬೇಕೆನಿಸಿದಾಗ ಈ ಪುಸ್ತಕ ಕೈಗೆಟುಕುವ ಹಾಗೆ ಇರಬೇಕು. ಮೆನುಗಳ ಚಿತ್ರ ಹಳೆಯವು, ನಿಜ. ಅದರಿಂದ ತೊಂದರೆ ಆಗುವುದು ಶುರುವಿನಲ್ಲಿ ಸ್ವಲ್ಪ ದಿನ ಮಾತ್ರ.

ಜೋವಿತಾ ಜೆರೋಮ್ ಅವರ 'ವರ್ಚುಯಲ್ ಇನ್‌ಸ್ಟ್ರುಮೆಂಟೇಷನ್ ಯೂಸಿಂಗ್ ಲ್ಯಾಬ್‌ವ್ಯೂ' ನಮ್ಮ ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಗೆ ಪರಿಚಯದ್ದು. ಪ್ರಕಟಿಸಿದ್ದು ಪಿಎಚ್‌ಐ, 2010ರಲ್ಲಿ. ಬೆಲೆಯಲ್ಲಿ ಉಳಿದವುಗಳಿಗೆ ಹೋಲಿಕೆಯೇ ಇಲ್ಲ, ಇದು ಅಗ್ಗ. ಬಿಡಿಸಿದ ಲೆಕ್ಕಗಳು, ಅಧ್ಯಾಯದ ಕೊನೆಯ ಪ್ರಶ್ನೆಗಳು ಪರೀಕ್ಷೆಗೆ ಹೇಳಿ ಮಾಡಿಸಿದಂತಿವೆ. ನನ್ನ ತಕರಾರು ಒಂದೇ. ನನ್ನ ಕೈಗೆ ಬಂದ ಪ್ರತಿಯಲ್ಲಿ ಚಿತ್ರಗಳು ಕಪ್ಪು-ಬಿಳುಪು. ಲ್ಯಾಬ್‌ವ್ಯೂನಲ್ಲಿ ವೈರಿನ ಬಣ್ಣವೇ ಡೇಟಾದ ಜಾತಿ ಹೇಳುತ್ತದೆ: ಕಿತ್ತಳೆ ಅಂದರೆ ದಶಾಂಶ ಸಂಖ್ಯೆ, ನೀಲಿ ಪೂರ್ಣಾಂಕ, ಹಸಿರು ಬೂಲಿಯನ್ (ಹೌದು/ಅಲ್ಲ), ಗುಲಾಬಿ ಸ್ಟ್ರಿಂಗ್ (ಅಕ್ಷರಗಳ ಸಾಲು). ಬಣ್ಣ ಹೋದ ಡಯಾಗ್ರಾಂನಲ್ಲಿ ಎಲ್ಲಿ ಏನು ಹರಿಯುತ್ತಿದೆ ಅಂತ ಊಹಿಸಬೇಕು. ಹಾಗಾಗಿ ಪಕ್ಕದಲ್ಲಿ ಕಂಪ್ಯೂಟರ್ ಇಲ್ಲದೆ ಇದನ್ನು ಓದಲು ಕೂರುವುದು ಸುಮ್ನೆ.

ರಾಬರ್ಟ್ ಬಿಷಪ್ ಅವರ 'ಲರ್ನಿಂಗ್ ವಿತ್ ಲ್ಯಾಬ್‌ವ್ಯೂ' ಈ ಸಾಲಿನ ನಡುವೆ ಎಲ್ಲೋ ನಿಲ್ಲುತ್ತದೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಆ ವಿಷಯದ ಪಠ್ಯಪುಸ್ತಕ ಬರೆದ ಡಾರ್ಫ್-ಬಿಷಪ್ ಜೋಡಿ ನೆನಪಿರಬೇಕು, ಅದೇ ಬಿಷಪ್. ಅಚ್ಚುಕಟ್ಟಾದ ಪಠ್ಯಪುಸ್ತಕ, ನಿಧಾನದ ನಡೆ. ಮೇಷ್ಟ್ರು ಎದುರಿಗಿದ್ದರೆ ಚೆನ್ನ. ಒಬ್ಬರೇ ಕಲಿಯುವವರಿಗೆ ನಿದ್ದೆ ತರಿಸಬಹುದು.

ದುಡ್ಡು ಹಾಕುವುದಾದರೆ ನಾನು ಮೊದಲು ಎಸಿಕ್‌ಗೆ ಹಾಕುತ್ತೇನೆ. ಟ್ರಾವಿಸ್-ಕ್ರಿಂಗ್ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. ಮುಂದಿನ ತಿಂಗಳು ಪರೀಕ್ಷೆ ಇದ್ದವರಿಗೆ ಈ ಲೆಕ್ಕ ಬೇಡ, ಜೆರೋಮ್ ಸಾಕು. ಡ್ಯಾಕ್ ಬಾಕ್ಸ್ ಇಲ್ಲ ಅಂತ ಎಸಿಕ್ ಬಿಡಬೇಕಾಗಿಲ್ಲ. 2020ರಿಂದ ಲ್ಯಾಬ್‌ವ್ಯೂ ಕಮ್ಯುನಿಟಿ ಎಡಿಷನ್ ಸ್ವಂತ ಕಲಿಕೆಗೆ ಉಚಿತ. ಡ್ಯಾಕ್ ಬಾಕ್ಸ್‌ಗಳನ್ನು ನಡೆಸುವ ಡ್ಯಾಕ್‌ಎಮ್‌ಎಕ್ಸ್ ಡ್ರೈವರ್ ಹಾಕಿಕೊಂಡು, ಸಾಧನಗಳನ್ನು ಹೊಂದಿಸುವ ಎನ್‌ಐ ಮ್ಯಾಕ್ಸ್ ಸಾಫ್ಟ್‌ವೇರ್‌ನಲ್ಲಿ ಒಂದು ಸಿಮ್ಯುಲೇಟೆಡ್ (ನಿಜದ ಬದಲು ಅಣಕು) ಸಾಧನ ಸೃಷ್ಟಿಸಿ. ಅದು ಅನಲಾಗ್ ಇನ್‌ಪುಟ್‌ಗೆ ಸೈನ್ ಅಲೆ ಕೊಡುತ್ತದೆ. ತಾಪಮಾನ ಹಾಗೆ ಏರಿಳಿಯುವುದಿಲ್ಲ ಅನ್ನುವುದು ಬಿಟ್ಟರೆ ಅಭ್ಯಾಸಕ್ಕೆ ಏನೂ ಕೊರತೆಯಿಲ್ಲ.