ಸ್ಕೈಲೈನ್ ಜೊತೆ ನಾಲ್ಕು ವರ್ಷ: ಎರಡು ಲೈಬ್ರರಿ, ಒಂದೇ ಹೆಸರು

ಬೆಳಗ್ಗೆ ಐದೂವರೆಗೆ ಏಳುತ್ತೇನೆ. ಮಳೆಗಾಲದಲ್ಲಿ ಬದಿಯಡ್ಕದ ಕರೆಂಟನ್ನು ನಂಬುವ ಹಾಗಿಲ್ಲ, ಇರುವಾಗಲೇ ಕೆಲಸ ಮುಗಿಸಬೇಕು. ಚಾ ಲೋಟ ಪಕ್ಕದಲ್ಲಿಟ್ಟು ಸ್ಕೈಲೈನ್‌ನ ಲೈಬ್ರರಿ ಎಕ್ಸ್‌ಪ್ಲೋರರ್ ತೆರೆದು, ಒಂದೊಂದೇ ಪೆಪ್ಟೈಡ್‌ನ (ಪ್ರೋಟೀನ್‌ನ ತುಂಡು) ಸ್ಪೆಕ್ಟ್ರಮ್, ಅಂದರೆ ಅದು ಮೆಷಿನ್‌ನಲ್ಲಿ ಒಡೆದಾಗ ಸಿಗುವ ತುಣುಕುಗಳ ಗೆರೆಚಿತ್ರ, ನೋಡುತ್ತಾ ಕೂರುತ್ತೇನೆ. ತುಣುಕುಗಳಲ್ಲಿ ವೈ ಅಯಾನುಗಳು ನೀಲಿ, ಬಿ ಅಯಾನುಗಳು ನೇರಳೆ. ಉದ್ದ ಗೆರೆ ಯಾವುದು, ಗಿಡ್ಡ ಯಾವುದು ಅಂತ ನೋಡುವಷ್ಟರಲ್ಲಿ ಚಾ ಆರಿರುತ್ತದೆ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮ್ಯಾಕಾಸ್ ಲ್ಯಾಬ್ ಮಾಡಿದ ಪ್ರೋಗ್ರಾಮ್ ಈ ಸ್ಕೈಲೈನ್; ಅಣುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರ್ ಅನ್ನುವ ಮೆಷಿನ್‌ನ ಡೇಟಾ ಓದಲು. ಪೂರ್ತಿ ಉಚಿತ. ನನ್ನ ಬಜೆಟ್‌ಗೆ ಅಷ್ಟು ಸಾಕು.

ಬೇಕರಿ ತಿಂಡಿಯಲ್ಲಿ ಅಲರ್ಜಿ ತರುವ ಬೀಜದ ಅಂಶ ಸೇರಿದೆಯಾ ಅಂತ ಹುಡುಕುವುದು ನನ್ನ ಕೆಲಸ. ಗೇರುಬೀಜಕ್ಕೆ ಅನಾ ಓ 3, ನೆಲಕಡಲೆಗೆ ಅರಾ ಎಚ್ 1, ಹೀಗೆ ಪ್ರೋಟೀನ್‌ಗಳು. ಎರಡಕ್ಕೂ ಬೇರೆ ಬೇರೆ ಮೆಥಡ್ (ಮೆಷಿನ್ ಏನೇನು ಅಳೆಯಬೇಕು ಅನ್ನುವ ಪಟ್ಟಿ) ಇತ್ತು. ಮೆಷಿನ್‌ಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುವವಳು ನಾನು, ಒಂದೇ ರನ್‌ನಲ್ಲಿ ಎರಡೂ ಮುಗಿದರೆ ಲಾಭ ಅಲ್ವಾ? ಸೇರಿಸಿದೆ. ಇಂಪೋರ್ಟ್ ಡಾಕ್ಯುಮೆಂಟ್ ಒತ್ತಿದರೆ ಆಯಿತು, ಎರಡು ನಿಮಿಷದ ಕೆಲಸ.

ಎಡವಿದ್ದು ಲೈಬ್ರರಿಯಲ್ಲಿ. ಸ್ಕೈಲೈನ್‌ನ ಡಾಕ್ಯುಮೆಂಟ್ ಅಂದರೆ ಸ್ಕೈ ಫೈಲ್, ಅದರಲ್ಲಿ ಪೆಪ್ಟೈಡ್‌ಗಳ ಪಟ್ಟಿ, ಸೆಟ್ಟಿಂಗ್‌ಗಳು ಇರುತ್ತವೆ. ಸ್ಪೆಕ್ಟ್ರಮ್‌ಗಳು ಇರುವುದು ಬ್ಲಿಬ್ ಅನ್ನುವ ಬೇರೆ ಫೈಲ್‌ನಲ್ಲಿ, ಅದೇ ಲೈಬ್ರರಿ. ನೆಲಕಡಲೆಯ ಬ್ಲಿಬ್ ಇನ್ನೊಂದು ಲ್ಯಾಬ್‌ನಿಂದ ಬಂದದ್ದು. ಅದರ ಹೆಸರು 'ಬೀಜ ಹೊಸತು'. ನನ್ನ ಗೇರುಬೀಜದ್ದೂ 'ಬೀಜ ಹೊಸತು'! ಅದೇ ಫೋಲ್ಡರ್‌ಗೆ ಕಾಪಿ ಮಾಡುವಾಗ ವಿಂಡೋಸ್ "ರಿಪ್ಲೇಸ್ ಮಾಡಲಾ?" ಅಂತ ಕೇಳಿತು. ನಿದ್ದೆಗಣ್ಣಿನಲ್ಲಿ ಹೂಂ ಅಂದೆ.

ಗೇರುಬೀಜದ ಪೆಪ್ಟೈಡ್‌ಗಳ ಸ್ಪೆಕ್ಟ್ರಮ್ ಕಿಟಕಿ ಖಾಲಿ. ಡಾಟ್‌ಪಿ ಅಂಕಿಯೂ ಮಾಯ. ಲೈಬ್ರರಿಯಲ್ಲಿರುವ ತುಣುಕುಗಳ ಎತ್ತರಕ್ಕೂ ಅಳೆದದ್ದಕ್ಕೂ ಎಷ್ಟು ಹೋಲಿಕೆ ಅಂತ ಹೇಳುವ ಅಂಕಿ ಅದು, 1ರ ಹತ್ತಿರ ಇದ್ದರೆ ಸಮಾಧಾನ. ಅದಿಲ್ಲದೆ ಯಾವ ಪೀಕು ನಮ್ಮದು, ಯಾವುದು ಬೆಲ್ಲದ್ದೋ ಮೈದಾದ್ದೋ, ಹೇಗೆ ಹೇಳುವುದು? ಎರಡು ದಿನ ಪ್ರೋಗ್ರಾಮ್‌ಗೇ ಬೈದೆ. ಸ್ಪೆಕ್ಟ್ರಮ್‌ಗಳನ್ನೂ ಸ್ಕೈ ಫೈಲ್ ಒಳಗೇ ಇಟ್ಟಿದ್ದರೆ ಗಂಟೇನು ಹೋಗುತ್ತಿತ್ತು?

ಕಾಪಾಡಿದ್ದೂ ಅದೇ ಪ್ರೋಗ್ರಾಮ್. ಪೆರಿಯದಲ್ಲಿ ಓದುವ ಹುಡುಗಿಗೆ ಹಿಂದೊಮ್ಮೆ ಶೇರ್ ಒತ್ತಿ, 'ಮಿನಿಮಲ್' ಆರಿಸಿ ಜಿಪ್ ಕಳಿಸಿದ್ದೆ. ಆ ಆಯ್ಕೆ ಲೈಬ್ರರಿಯಲ್ಲಿ ಡಾಕ್ಯುಮೆಂಟ್‌ಗೆ ಬೇಕಾದ ಸ್ಪೆಕ್ಟ್ರಮ್‌ಗಳನ್ನು ಮಾತ್ರ ಉಳಿಸಿ ಸಣ್ಣದು ಮಾಡುತ್ತದೆ. ಮೊಬೈಲ್ ಡೇಟಾದಲ್ಲಿ ಕಳಿಸುವವರಿಗೆ ವರ. ಅವಳ ಜಿಪ್ ಬಿಚ್ಚಿದರೆ ನನ್ನ ಗೇರುಬೀಜದ ಪೆಪ್ಟೈಡ್‌ಗಳೆಲ್ಲ ಇದ್ದವು. ಮುಂದಕ್ಕೆ ಬೇಕಾದೀತು ಅಂತ ಇಟ್ಟುಕೊಂಡಿದ್ದವು ಮಾತ್ರ ಅದರಲ್ಲಿರಲಿಲ್ಲ. ಪೆಪ್ಟೈಡ್ ಗುರುತಿಸಿದ ಹಳೆಯ ಸರ್ಚ್ ಫಲಿತಾಂಶಗಳಿಂದ ಪೂರ್ತಿ ಲೈಬ್ರರಿ ಮತ್ತೆ ಕಟ್ಟಲು ಒಂದು ಇಡೀ ಭಾನುವಾರ ಹೋಯಿತು.

ಯಾವ ಪೆಪ್ಟೈಡ್ ಯಾವ ನಿಮಿಷಕ್ಕೆ ಹೊರಬರುತ್ತದೆ ಅನ್ನುವ ಸಮಯದ ತಲೆನೋವು ಅಷ್ಟು ಕಾಡಲಿಲ್ಲ. ಒಂದು ಮೆಥಡ್‌ಗೆ 60 ನಿಮಿಷದ ಗ್ರೇಡಿಯಂಟ್ (ಪೆಪ್ಟೈಡ್‌ಗಳನ್ನು ಬೇರ್ಪಡಿಸುವ ದ್ರಾವಕದ ಓಟ), ಇನ್ನೊಂದಕ್ಕೆ 35. ಎರಡರಲ್ಲೂ ಸಮಯ ಹೋಲಿಸಲು ಬಳಸುವ ಐಆರ್‌ಟಿ ಕಿಟ್‌ನ 11 ಪೆಪ್ಟೈಡ್ ಹಾಕಿದ್ದರಿಂದ ಒಂದೇ ಅಳತೆಗೆ ತರಲು ಆಯಿತು.

ಈಗ ಬ್ಲಿಬ್ ಹೆಸರಿನಲ್ಲಿ ಬೀಜ, ಮೆಷಿನ್, ತಾರೀಕು ಮೂರೂ ಇರುತ್ತವೆ. ಐದಕ್ಕೆ ನಾಲ್ಕೂವರೆ ಸ್ಟಾರ್. ಉಳಿದ ಅರ್ಧ ನನ್ನ ಬೆಳಗಿನ ನಿದ್ದೆಗೆ.

ಮೊನ್ನೆ ಆ ಹುಡುಗಿ ಫೋನ್ ಮಾಡಿದ್ದಳು. "ಅಕ್ಕಾ, ಸ್ಕೈ ಫೈಲ್ ಮಾತ್ರ ಕಳಿಸಿದ್ದೀರಿ. ಲೈಬ್ರರಿ ಎಲ್ಲಿ?"