ಬೇಸ್‌ಬಾಲ್ ಸಾವಂಟ್: ಕಡಿಮೆ ದುಡ್ಡಿನ ಬುಲ್‌ಪೆನ್‌ಗೆ ಒಳ್ಳೆಯ ಜರಡಿ, ಆದರೆ ಅದೊಂದೇ ಸಾಲದು

ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಪಿಚರ್ ತನ್ನ ಹೊಣೆಯಲ್ಲಿ ಬಿಟ್ಟುಕೊಡುವ ರನ್‌ಗಳ ಸರಾಸರಿ) ನೋಡಿ ರಿಲೀವರ್‌ಗಳನ್ನು, ಅಂದರೆ ಪಂದ್ಯದ ಮಧ್ಯೆ ಬರುವ ಬದಲಿ ಪಿಚರ್‌ಗಳನ್ನು, ಆರಿಸಿದರೆ ಅವರ ಗುಂಪಾದ ಬುಲ್‌ಪೆನ್ ಕೆಡುವುದು ಖಚಿತ. ರಿಲೀವರ್ ಒಬ್ಬರು ಇಡೀ ಸೀಸನ್‌ನಲ್ಲಿ ಎಸೆಯುವುದೇ ಸುಮಾರು 60 ಇನಿಂಗ್ಸ್. ಒಂದೇ ಒಂದು ರಾತ್ರಿ ನಾಲ್ಕು ರನ್ ಹೆಚ್ಚು ಹೋದರೆ ಇಆರ್‌ಎ 0.60 ಮೇಲೇರುತ್ತದೆ. ಹಾಗಾಗಿ ಅಂಕಿ ಕೆಟ್ಟಿದ್ದರೂ ಎಸೆತ ಗಟ್ಟಿಯಿರುವವರು ಅಗ್ಗಕ್ಕೆ ಸಿಗುತ್ತಾರೆ. ಅಂಥವರನ್ನು ಹುಡುಕಲು ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ (ಎಂಎಲ್‌ಬಿ) ಉಚಿತ ತಾಣ ಬೇಸ್‌ಬಾಲ್ ಸಾವಂಟ್‌ನಷ್ಟು ಉಪಯುಕ್ತವಾದದ್ದು ಇನ್ನೊಂದಿಲ್ಲ.

ಆಟಗಾರರ ಪುಟದಲ್ಲಿ ಬಣ್ಣದ ಪಟ್ಟಿಗಳು (ಲೀಗ್‌ನ ಉಳಿದವರಿಗೆ ಹೋಲಿಸಿದ ಸ್ಥಾನ) ಕೆಂಪಾದಷ್ಟೂ ಮೇಲು, ನೀಲಿಯಾದಷ್ಟೂ ಕೆಳಗೆ. ಮೊದಲು ವಿಫ್ ನೋಡಿ, ಅಂದರೆ ಬೀಸಿದ ಬ್ಯಾಟ್‌ಗಳಲ್ಲಿ ಎಷ್ಟು ಪಾಲು ಚೆಂಡಿಗೆ ತಾಗಲಿಲ್ಲ ಎಂಬ ಲೆಕ್ಕ. ಆಮೇಲೆ ವಾಕ್, ಅಂದರೆ ನಾಲ್ಕು ಕೆಟ್ಟ ಎಸೆತಗಳಿಂದ ಬ್ಯಾಟರ್‌ಗೆ ಪುಕ್ಕಟೆ ಮೊದಲ ಬೇಸ್ ಕೊಡುವುದು. ವಿಫ್ ಕೆಂಪು, ವಾಕ್ ಮಧ್ಯಮ, ಇಆರ್‌ಎ ಮಾತ್ರ ಕೆಟ್ಟದ್ದು ಎಂದಾದರೆ ಅಲ್ಲೇ ನಿಂತು ಪ್ರತಿ ಎಸೆತದ ಕೋಷ್ಟಕ ತೆರೆಯಿರಿ. ಅತಿ ಹೆಚ್ಚು ವಿಫ್ ತರುವ ಎಸೆತವನ್ನೇ ಕಡಿಮೆ ಬಳಸುತ್ತಿದ್ದರೆ, ಸುಧಾರಣೆಗೆ ದುಡ್ಡೇ ಬೇಕಿಲ್ಲ.

ರಿಲೀವರ್ ರಾಬರ್ಟ್ ಸ್ಟೀಫನ್‌ಸನ್ ಉದಾಹರಣೆ ತೆಗೆದುಕೊಳ್ಳಿ. 2023ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಅವರ ಇಆರ್‌ಎ 5.14. ಜೂನ್‌ನಲ್ಲಿ ಟ್ಯಾಂಪಾ ಬೇ ರೇಸ್ ತಂಡ ಅವರನ್ನು ಕರೆತಂದಿತು. ಸ್ಲೈಡರ್‌ನ (ಅಡ್ಡಕ್ಕೆ ತಿರುಗುವ ಎಸೆತ) ವೇಗ ಹೆಚ್ಚಿ ಅದು ಕಟರ್‌ನಂತಾಯಿತು (ಇನ್ನೂ ವೇಗದ, ಕಡಿಮೆ ತಿರುಗುವ ಎಸೆತ), ಬಳಕೆಯೂ ಏರಿತು, ಅಲ್ಲಿ ಇಆರ್‌ಎ 2.35ಕ್ಕೆ ಇಳಿಯಿತು. ಮರುವರ್ಷ ಏಂಜಲ್ಸ್ ತಂಡ ಮೂರು ವರ್ಷಕ್ಕೆ 3.3 ಕೋಟಿ ಡಾಲರ್ ಕೊಟ್ಟಿತು. 2024ರಲ್ಲಿ ಮೇಜರ್ ಲೀಗ್‌ನಲ್ಲಿ ಆ ತಂಡದ ಪರ ಒಂದು ಎಸೆತವನ್ನೂ ಎಸೆಯುವ ಮೊದಲೇ ಮೊಣಕೈ ಶಸ್ತ್ರಚಿಕಿತ್ಸೆ ಬೇಕಾಯಿತು. ಆ ಒಪ್ಪಂದದ ಒಂದು ವರ್ಷದ ಪಾಲು 1.1 ಕೋಟಿ. 2025ರ ಕನಿಷ್ಠ ಸಂಬಳ 7.6 ಲಕ್ಷ ಡಾಲರ್. ಆ ಲೆಕ್ಕದಲ್ಲಿ ಎಂಟು ರಿಲೀವರ್‌ಗಳಿಗೂ ಸೇರಿ 60.8 ಲಕ್ಷ ಸಾಕು.

ಕಡಿಮೆ ಎಸೆದವರಿಗೆ ಪುಟದಲ್ಲಿ ಬಣ್ಣದ ಪಟ್ಟಿಗಳು ಬರುವುದಿಲ್ಲ, ಅಗ್ಗದವರಲ್ಲಿ ಅಂಥವರೇ ಹೆಚ್ಚು. ಆಗ ಅದೇ ತಾಣದ ಹುಡುಕಾಟದ ಪುಟವಾದ ಸ್ಟ್ಯಾಟ್‌ಕಾಸ್ಟ್ ಸರ್ಚ್‌ಗೆ ಹೋಗಿ. 2023ರಿಂದ ಟ್ರಿಪಲ್-ಎ (ಮೇಜರ್ ಲೀಗ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಹಂತ) ಮಾಹಿತಿಯೂ ಅಲ್ಲಿದೆ. ಈ ಹುಡುಕಾಟದ ಪುಟ ಹೊಸಬರಿಗೆ ತಲೆಕೆಡಿಸುವಷ್ಟು ಗೋಜಲು. ಇದನ್ನು ಕೊರತೆ ಎಂದೇ ಹೇಳಬೇಕು.

ಅದಕ್ಕಿಂತ ದೊಡ್ಡ ಕೊರತೆ, ಆಪ್ಷನ್‌ಗಳ ಲೆಕ್ಕ ಇಲ್ಲಿ ಸಿಗದಿರುವುದು. ಆಪ್ಷನ್ ಎಂದರೆ ಆಟಗಾರರನ್ನು ಕಳೆದುಕೊಳ್ಳದೆ ಕೆಳ ಲೀಗ್‌ಗೆ ಇಳಿಸಲು ತಂಡಕ್ಕಿರುವ ಹಕ್ಕು. 26 ಆಟಗಾರರ ತಂಡದಲ್ಲಿ ಆಗಸ್ಟ್ ಕೊನೆಯವರೆಗೆ ಪಿಚರ್‌ಗಳು 13 ಮೀರುವಂತಿಲ್ಲ. ಸ್ಟಾರ್ಟರ್‌ಗಳು (ಪಂದ್ಯ ಆರಂಭಿಸುವ ಪಿಚರ್‌ಗಳು) ಐವರು ಎಂದುಕೊಂಡರೆ ಬುಲ್‌ಪೆನ್‌ಗೆ ಉಳಿಯುವುದು ಎಂಟು ಸ್ಥಾನ. ಎಂಟೂ ಮಂದಿಗೆ ಆಪ್ಷನ್ ಮುಗಿದಿದ್ದರೆ, ಹನ್ನೆರಡು ಇನಿಂಗ್ಸ್ ಎಳೆದ ಪಂದ್ಯದ ಮರುದಿನ ದಣಿಯದ ಕೈ ಬೇಕೆಂದರೆ ಯಾರನ್ನಾದರೂ ವೇವರ್‌ಗೆ ಹಾಕಬೇಕಾಗುತ್ತದೆ, ಅಂದರೆ ಬೇರೆ ತಂಡಗಳು ಅವರನ್ನು ಎತ್ತಿಕೊಳ್ಳಲು ಬಿಡಬೇಕಾಗುತ್ತದೆ. ಕನಿಷ್ಠ ಮೂರು ಸ್ಥಾನ ಆಪ್ಷನ್ ಇರುವವರಿಗೇ ಮೀಸಲಿಡಿ. ಇಳಿಸಿದ ಪಿಚರ್, ಗಾಯಾಳುವಿನ ಬದಲಿಯಾಗಿ ಹೊರತು, 15 ದಿನ ವಾಪಸ್ ಬರುವಂತಿಲ್ಲ; ಹಾಗಾಗಿ ಮೂವರನ್ನು ಸರದಿಯಲ್ಲಿ ತಿರುಗಿಸುವುದು ಅನಿವಾರ್ಯ. ಈ ಲೆಕ್ಕಕ್ಕೆ ಫ್ಯಾನ್‌ಗ್ರಾಫ್ಸ್ ತಾಣದ ರೋಸ್ಟರ್‌ರಿಸೋರ್ಸ್ ಪುಟವನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

ಸಹಿ ಹಾಕಿಸುವ ಮುನ್ನ ಸ್ಟ್ಯಾಟ್‌ಕಾಸ್ಟ್ ಸರ್ಚ್‌ನಲ್ಲಿ ಎಡಗೈ, ಬಲಗೈ ಬ್ಯಾಟರ್‌ಗಳನ್ನು ಬೇರೆಬೇರೆಯಾಗಿ ತೆಗೆದು ನೋಡಿ. 2020ರಿಂದ ರಿಲೀವರ್ ಮೂವರು ಬ್ಯಾಟರ್‌ಗಳನ್ನು ಎದುರಿಸಬೇಕು, ಇಲ್ಲವೇ ಇನಿಂಗ್ಸ್ ಮುಗಿಸಬೇಕು. ಎಡಗೈಯವರನ್ನು ಮಾತ್ರ ಕಟ್ಟಿಹಾಕಬಲ್ಲ ಪಿಚರ್ ಎಷ್ಟೇ ಅಗ್ಗವಾದರೂ, ಏಳನೇ ಇನಿಂಗ್ಸ್‌ನಲ್ಲಿ ಅವರ ಮುಂದೆ ಬಲಗೈ ಬ್ಯಾಟರ್ ಬಂದೇ ಬರುತ್ತಾರೆ.